ಜೈಲಿನ ಊಟ ಯಾರ ಲೆಕ್ಕ?

ಕಾಯಿ ಕದ್ದವನಿಗೆ ಶಿಕ್ಷೆಯಾದರೆ ಮಾಯಸಂದ್ರದ ತೋಟದ ಯಜಮಾನರು ಗೊಣಗುವುದುಂಟು: ‘ಕಾಯಿ ಹೋಗಿದ್ದೂ ನಮ್ಮದೇ, ಅವನ ಊಟಕ್ಕೂ ನಮ್ಮದೇ ದುಡ್ಡಾ?’

ಪಿಯುಸಿ ಓದುವ ಮಗಳು ಉತ್ತರ ಹೇಳಬಲ್ಲಳು: ‘ಹೌದಪ್ಪಾ, ನಾವು ಕಟ್ಟೋ ತೆರಿಗೆಯದೇ.’ ಸಂವಿಧಾನದ 7ನೇ ಅನುಸೂಚಿಯಲ್ಲಿ ಜೈಲು ರಾಜ್ಯಪಟ್ಟಿಗೆ ಸೇರಿದೆ. ತುಮಕೂರಿನ ಕೈದಿಯ ಅನ್ನ ಜಿಲ್ಲೆಯ ಹೊರೆಯಲ್ಲ, ರಾಜ್ಯದ ಹೊಣೆ.

ಪಕ್ಕದ ರಾಜ್ಯದ ಹೊರೆ ನಮ್ಮ ಮೇಲೆ ಬಿದ್ದರೆ? ಜಯಲಲಿತಾ, ಶಶಿಕಲಾ ಮೊದಲಾದವರ ಆಸ್ತಿ ಮೊಕದ್ದಮೆಯನ್ನು 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಿದ ಸುಪ್ರೀಂ ಕೋರ್ಟ್, ಸರ್ಕಾರಿ ವಕೀಲರ ವೆಚ್ಚವನ್ನು ತಮಿಳುನಾಡಿನಿಂದ ಪಡೆಯಬಹುದೆಂದಿತು. ಶಶಿಕಲಾ 2017ರಿಂದ 2021ರವರೆಗೆ ಶಿಕ್ಷೆ ಅನುಭವಿಸಿದ್ದೂ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲೇ.

ಲೆಕ್ಕ ಕೇಳುವುದು ಸರಿ. ಅನ್ನ ಕಸಿಯುವುದು ಸರಿಯಲ್ಲ. ಕೈದಿಯನ್ನು ಉಪವಾಸ ಕೆಡವಿದರೆ ಕದ್ದ ಕಾಯಿ ಮರಳದು. ಅವನು ಕೆಲಸ ಕಲಿತು ಹೊರಬಂದರೆ ತೋಟವಾದರೂ ಉಳಿದೀತು.