ಮಾವನ ಕಮಾನುಗಾಡಿ

ನನ್ನ ಸೋದರಮಾವನವರು 66ನೆಯ ವಯಸ್ಸಿನಲ್ಲಿ ಚಕ್ರವುಳ್ಳ ಮನೆಯೊಂದನ್ನು ಕೊಂಡರೆಂಬ ಸುದ್ದಿ 2022ರಲ್ಲಿ ಮೈಸೂರಿಗೆ ಮುಟ್ಟಿದಾಗ ನಮ್ಮ ಬಂಧುವರ್ಗದಲ್ಲಿ ಎರಡು ಪಕ್ಷಗಳಾದುವು. ಅಮೆರಿಕದಲ್ಲಿದ್ದ ಮನೆಯನ್ನು ಮಾರಿಕೊಳ್ಳುವ ಗತಿ ಬಂದಿತೇನೋ ಎಂದು ಮರುಗಿದವರದು ಒಂದು ಪಕ್ಷ. ಹಣ ಹೆಚ್ಚಾದವರ ಬುದ್ಧಿ ಹೀಗೆಯೇ ಎಂದು ನಕ್ಕವರದು ಇನ್ನೊಂದು. ನನ್ನ ತಾಯಿ ಮಾತ್ರ ಯಾವ ಪಕ್ಷಕ್ಕೂ ಸೇರದೆ, "ಅದರಲ್ಲಿ ಬಚ್ಚಲು ಇದೆಯಂತೋ?" ಎಂದು ಕೇಳಿದಳು.

ಇದೆ. ಬಚ್ಚಲಷ್ಟೇ ಅಲ್ಲ, ಅಡಿಗೆಯ ಒಲೆ, ಫ್ರಿಜ್, ಇಬ್ಬರು ಮಲಗುವ ಮಂಚ, ಹಗಲು ಊಟದ ಮೇಜಾಗಿ ರಾತ್ರಿ ಹಾಸಿಗೆಯಾಗುವ ಹಲಗೆ, ಎಲ್ಲವೂ 24 ಅಡಿ ಉದ್ದದ ಒಂದು ಲಾರಿಯ ಬೆನ್ನಿನ ಮೇಲಿವೆ. ಅಲ್ಲಿಯವರು ಇದನ್ನು ಆರ್.ವಿ. ಎನ್ನುತ್ತಾರೆ. ನನ್ನ ಅತ್ತೆಯವರು ಕಂಡ ಕೂಡಲೇ ಕಮಾನುಗಾಡಿ ಎಂದರು. ಆ ಹೆಸರೇ ನಿಂತಿತು. ಅವರ ಬಾಲ್ಯದಲ್ಲಿ ನಂಜನಗೂಡಿನ ತೇರಿಗೆ ಹೋಗುವಾಗ ಅಕ್ಕಿ, ಬೇಳೆ, ಹಾಸಿಗೆ ಹೇರಿದ ಕಮಾನುಗಾಡಿಯನ್ನು ದಾರಿಯ ತೋಪಿನಲ್ಲಿ ಬಿಟ್ಟು, ಮೂರು ಕಲ್ಲಿನ ಒಲೆ ಹೂಡಿ ಅಡಿಗೆ ಮಾಡುತ್ತಿದ್ದರಂತೆ. "ಎತ್ತಿಗೆ ಹುಲ್ಲು ಹಾಕುವ ಕೆಲಸವೊಂದು ತಪ್ಪಿತು, ಅಷ್ಟೆ" ಎಂಬುದು ಅವರ ಅಭಿಪ್ರಾಯ.

ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಸಾಹಿತ್ಯದ ಸಾಕ್ಷಿಯಿಲ್ಲದೆ ಯಾವುದೂ ನಂಬುಗೆಗೆ ಬಾರದು. ಅದೃಷ್ಟವಶಾತ್ ಇಲ್ಲಿ ಸಾಕ್ಷಿ ದೊಡ್ಡದೇ ಇದೆ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಇಂಥದೇ ಒಂದು ಬಂಡಿಯನ್ನು ಮಾಡಿಸಿಕೊಂಡು ಚಾರ್ಲಿಯೆಂಬ ನಾಯಿಯೊಡನೆ ದೇಶವನ್ನು ಸುತ್ತಲು ಹೊರಟನು. ಬಂಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನಿಟ್ಟನು. ಅದು ಈಗಲೂ ಅವನ ಹುಟ್ಟೂರಾದ ಸಲೀನಾಸಿನ ವಸ್ತುಸಂಗ್ರಹಾಲಯದಲ್ಲಿದೆ. ಆಗ ಅದು ಸಾಹಸಿಯ ಹುಚ್ಚು. 1966ರಲ್ಲಿ ಅಯೋವದ ವಿನ್ನೆಬೇಗೊ ಕಂಪೆನಿಯವರು ಮೋಟಾರುಮನೆಗಳನ್ನು ತಯಾರಿಸತೊಡಗಿದ ಮೇಲೆ ಅದು ಸಂಸಾರಸ್ಥರ ಹುಚ್ಚೂ ಆಯಿತು. ಕೊರೋನಾ ಕಾಲದಲ್ಲಿ ಹೋಟೆಲಿಗೂ ವಿಮಾನಕ್ಕೂ ಹೆದರಿದ ಜನ ಇದಕ್ಕೆ ಮುಗಿಬಿದ್ದು, 2021 ಒಂದೇ ವರ್ಷದಲ್ಲಿ ಕಾರ್ಖಾನೆಗಳಿಂದ ಸುಮಾರು 6 ಲಕ್ಷ ಬಂಡಿಗಳು ಹೊರಬಿದ್ದುವು.

ನಮ್ಮ ಮಾವನವರು ಮುಗಿಬಿದ್ದವರಲ್ಲ. ಸ್ಯಾಕ್ರಮೆಂಟೊ ನಗರದಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದು 2019ರಲ್ಲಿ ನಿವೃತ್ತರಾದರು. ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ನೆಲಸಿದ್ದರು. ನಾಲ್ಕು ಕೋಣೆಗಳ ಮನೆಯ ಮೇಲಿನ ಮಹಡಿ ಮಾವನವರದು, ಕೆಳಗಿನದು ಅತ್ತೆಯವರದು. "ಊಟಕ್ಕೆ ಬನ್ನಿ", "ಬಂದೆ" ಎಂಬ ಎರಡು ಮಾತುಗಳಲ್ಲಿ ದಿನದ ಸಂಭಾಷಣೆ ಮುಗಿಯುತ್ತಿತ್ತು. ಜಗಳವಿರಲಿಲ್ಲ, ಜಗಳವಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅತ್ತೆಯವರು ಫೋನಿನಲ್ಲಿ ನನ್ನ ತಾಯಿಯೊಡನೆ ಹೇಳಿಕೊಂಡದ್ದುಂಟು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಒಬ್ಬರಿಂದೊಬ್ಬರಿಗೆ ಆಗಬೇಕಾದ ಕೆಲಸವೇ ಉಳಿಯದೆ ಹೋದರೆ, ಅದೂ ಒಂದು ಬಗೆಯ ಏಕಾಂತವಾಸವೇ.

ಬಂಡಿಯನ್ನು ಮಾರಿದವರು ಅದೇ ಬೀದಿಯಲ್ಲಿದ್ದ ಒಬ್ಬ ವೃದ್ಧೆ. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಬೀಗದ ಕೈಗಳೊಡನೆ ಒಂದು ದಪ್ಪ ನೋಟುಪುಸ್ತಕವನ್ನೂ ಕೊಟ್ಟರು. ಹನ್ನೊಂದು ವರ್ಷ ತಂಗಿದ ತಾಣಗಳೆಲ್ಲ ಅದರಲ್ಲಿ ದಾಖಲಾಗಿದ್ದುವು, ಅರ್ಧದಷ್ಟು ಹಾಳೆಗಳು ಖಾಲಿಯಿದ್ದುವು. ಅವರು ಅತ್ತೆಯವರನ್ನು ಬದಿಗೆ ಕರೆದು ಹೇಳಿದ ಮಾತು ಒಂದೇ: ನೀನೂ ಓಡಿಸಲು ಕಲಿ. ಮಲೆಯ ಮೇಲೊಮ್ಮೆ ಗಂಡನಿಗೆ ಕಾಯಿಲೆಯಾದಾಗ ಆಕೆ ಸ್ಟಿಯರಿಂಗಿನ ಮುಂದೆ ಕುಳಿತು, ಓಡಿಸಲು ತಿಳಿಯದೆ, ದಾರಿಯಲ್ಲಿ ಯಾರಾದರೂ ಬಂದಾರೆಂದು ಎರಡು ಗಂಟೆ ಕಾದಿದ್ದರಂತೆ.

ಈ ಬಂಡಿಯ ಸಂಸಾರ ನಾನೆಣಿಸಿದಷ್ಟು ಸುಲಭವಲ್ಲ. ಬಳಕೆಯ ನೀರಿಗೆ ಸುಮಾರು 150 ಲೀಟರಿನ ಒಂದು ತೊಟ್ಟಿ. ಅದು ಮುಗಿದರೆ ಮುಗಿಯಿತು. ಫ್ರಿಜ್ ಅನಿಲದಿಂದ ನಡೆಯುವಂಥದು, ನೆಲ ಓರೆಯಾದರೆ ಕೆಡುತ್ತದೆ. ಆದುದರಿಂದ ತಂಗಿದಲ್ಲೆಲ್ಲ ಮಾವನವರು ಗಾರೆಯವರಂತೆ ರಸಮಟ್ಟ ಇಟ್ಟು ನೋಡಿ, ಚಕ್ರದ ಕೆಳಗೆ ಹಲಗೆ ಕೊಡುತ್ತಾರೆ. ಪಾತ್ರೆ ತೊಳೆದ ನೀರಿಗೆ ಒಂದು ತೊಟ್ಟಿ, ಕಕ್ಕಸಿನದಕ್ಕೆ ಇನ್ನೊಂದು. ಇವೆರಡನ್ನೂ ಅದಕ್ಕೆಂದೇ ಇರುವ ಕಟ್ಟೆಗೆ ಒಯ್ದು, ಕೈಚೀಲ ತೊಟ್ಟು, ಕೊಳವೆ ಜೋಡಿಸಿ ತಾವೇ ಖಾಲಿ ಮಾಡಬೇಕು. ಮೊದಲು ಕಕ್ಕಸಿನದು, ಆಮೇಲೆ ಸಾಬೂನಿನ ನೀರು. ಕೊಳವೆ ತಾನೇ ತೊಳೆದುಕೊಳ್ಳಲೆಂದು ಈ ಕ್ರಮ. ನಮ್ಮ ಮನೆತನದಲ್ಲಿ ಈ ಕೆಲಸವನ್ನು ಸ್ವಹಸ್ತದಿಂದ ಮಾಡಿದ ಮೊದಲ ಗಂಡಸು ಮಾವನವರೇ ಇರಬೇಕು. ಅವರ ಅಜ್ಜನ ಕಾಲದಲ್ಲಿ ಅದಕ್ಕೆ ಹಿಂಬಾಗಿಲಿನಿಂದ ಬೇರೆಯ ಮನುಷ್ಯರು ಬರುತ್ತಿದ್ದರು. ಅವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಸಲ ಕೊಳವೆ ಹಿಡಿದಾಗ ತಮಗೆ ನೆನಪಾದದ್ದು ಅದೇ ಎಂದು ಮಾವನವರು ನನ್ನೊಡನೆ ಹೇಳಿದರು. ಹೇಳಿ, ಬೇರೇನನ್ನೂ ಸೇರಿಸದೆ ಕೈ ತೊಳೆಯಲು ಹೋದರು.

ಎಲ್ಲಕ್ಕಿಂತ ಕಷ್ಟದ್ದೆಂದರೆ ಬಂಡಿಯನ್ನು ಹಿಂದಕ್ಕೆ ನಡೆಸಿ ಗೊತ್ತಾದ ಜಾಗದಲ್ಲಿ ನಿಲ್ಲಿಸುವುದು. ಒಬ್ಬರು ಒಳಗೆ, ಒಬ್ಬರು ಹಿಂದೆ ನಿಂತು ಕೈಸನ್ನೆ ಮಾಡಬೇಕು. ಒಳಗಿರುವವರು ಸ್ವಂತ ಬುದ್ಧಿಯನ್ನು ಉಪಯೋಗಿಸಕೂಡದು. ಅತ್ತೆಯವರು ಹೇಳಿದಂತೆ ಅಕ್ಷರಶಃ ನಡೆಯಬೇಕಾದ ಪ್ರಸಂಗ ಮಾವನವರ ದಾಂಪತ್ಯದಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ! ಮೊದಲ ಯಾತ್ರೆಯಲ್ಲಿಯೇ ಅವರ ಸನ್ನೆಯನ್ನು ಮೀರಿ ಒಂದು ಪೈನ್ ಮರಕ್ಕೆ ಗುದ್ದಿಸಿದರು. ಗುರುತು ಈಗಲೂ ಇದೆ. ಅತ್ತೆಯವರು ಅದನ್ನು ಸರಿಪಡಿಸಗೊಟ್ಟಿಲ್ಲ.

ಹೀಗೆ ಒಂದು ವರ್ಷ ಕಳೆದು, 2023ರಲ್ಲಿ ಮಾವನವರಿಗೆ ಗ್ಲಾಕೋಮವೆಂದು ತಿಳಿಯಿತು. ಈ ರೋಗದಲ್ಲಿ ಸಾಮಾನ್ಯವಾಗಿ ನೇರದ ನೋಟ ಬಹುಕಾಲ ಉಳಿದು, ಮಗ್ಗುಲ ನೋಟ ಮೊದಲು ಕುಗ್ಗುತ್ತದೆ. ದೊಡ್ಡ ಬಂಡಿಯನ್ನು ಇನ್ನು ಓಡಿಸಬೇಡಿರೆಂದು ವೈದ್ಯರು ಹೇಳಿದರು. ಮಾವನವರು ಮನೆಗೆ ಬಂದು, ಮಾರಾಟದ ಜಾಹೀರಾತು ಬರೆದು, ಮೇಲಿನ ಮಹಡಿಗೆ ಹೋಗಿ ಕುಳಿತರಂತೆ.

ಕ್ಯಾಲಿಫೋರ್ನಿಯದಲ್ಲಿ 40 ಅಡಿಯೊಳಗಿನ ಮೋಟಾರುಮನೆಗೆ ಕಾರಿನ ಲೈಸೆನ್ಸೇ ಸಾಕು. ಅತ್ತೆಯವರಲ್ಲಿ ಅದು ಇದ್ದಿತು. ತರಕಾರಿ ಅಂಗಡಿಯಿಂದಾಚೆಗೆ ಅದನ್ನು ಬಳಸಿರಲಿಲ್ಲ. ಭಾನುವಾರಗಳಲ್ಲಿ, ಶಾಲೆಯೊಂದರ ಬರಿದಾದ ಬಯಲಿನಲ್ಲಿ, 64 ವರ್ಷದ ಆಕೆ ನಾಲ್ಕು ತಿಂಗಳು ಅಭ್ಯಾಸ ಮಾಡಿದರು. ಆ ಜಾಹೀರಾತಿನ ಹಾಳೆಯ ಬೆನ್ನಿನ ಮೇಲೆ ಸಾಮಾನಿನ ಪಟ್ಟಿ ಬರೆದುದನ್ನು ನಾನೇ ನೋಡಿದ್ದೇನೆ.

2024ರ ಜೂನ್ ಕೊನೆಯಲ್ಲಿ ಕಾಲೇಜಿನ ರಜೆಗೆ ನಾನು ಹೋದಾಗ ಬಂಡಿ ಅವರ ಕೈಯಲ್ಲಿತ್ತು. ಸಿಯೆರಾ ನೆವಾಡ ಪರ್ವತಗಳನ್ನು ದಾಟಿ, ಅವುಗಳ ಪೂರ್ವದ ಮಗ್ಗುಲಲ್ಲಿ ದಕ್ಷಿಣಕ್ಕೆ ಸಾಗುವ 395ನೆಯ ಹೆದ್ದಾರಿಯಲ್ಲಿ ಹೋದೆವು. ಬ್ರಿಡ್ಜ್‌ಪೋರ್ಟ್ ಎಂಬ ಊರು ಕಳೆದ ಮೇಲೆ ದಾರಿ ಏರಿ ಏರಿ 8,000 ಅಡಿಯನ್ನು ಮೀರಿ, ಕಾನ್ವೇ ಕಣಿವೆಮಾರ್ಗದ ನೆತ್ತಿಯನ್ನು ಮುಟ್ಟುತ್ತದೆ. ಅಲ್ಲಿಂದ ಕೆಳಗೆ ಮೋನೊ ಸರೋವರ, ಬೆಳ್ಳಿಯ ಹರಿವಾಣದಂತೆ. ಅತ್ತೆಯವರ ಕಣ್ಣು ಅದರ ಮೇಲಿರಲಿಲ್ಲ. ಇಂಥ ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿದರೆ ಅದು ಕಾದು ಕೈಕೊಡುತ್ತದೆ. ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನೇ ಬಂಡಿಯನ್ನು ಹಿಡಿಯುವಂತೆ ಮಾಡಬೇಕು. ಎಂಜಿನ್ ಕೂಗುತ್ತಿತ್ತು. ಹಿಂದೆ ಕಾರುಗಳ ಸಾಲು ಬೆಳೆದಿತ್ತು. ಬದಿಯ ಆಸನದಲ್ಲಿ ಮಾವನವರು ಎರಡು ಕೈಗಳನ್ನೂ ತೊಡೆಯ ಮೇಲೆ ಬಿಗಿಹಿಡಿದು, ಬಾಯಿ ಬಿಡಲಿಲ್ಲ. ಕೆಳಗೆ ಮುಟ್ಟಿದ ಮೇಲೆ, "ಏನೂಂದ್ರೆ, ಎಳನೀರು ಸಿಕ್ಕುತ್ತೇನು ಇಲ್ಲಿ?" ಎಂದು ಅತ್ತೆಯವರು ಕೇಳಿದಾಗ ಮೂವರೂ ಒಟ್ಟಿಗೆ ನಕ್ಕೆವು.

ಮೋನೊ ಸರೋವರದ ಕಥೆ ಕಾವೇರಿಯ ವ್ಯಾಜ್ಯವನ್ನು ಕೇಳಿ ಬೆಳೆದವನಿಗೆ ಹೊಸದೆನಿಸಲಿಲ್ಲ. ಇದಕ್ಕೆ ಬರುವ ತೊರೆಗಳನ್ನು 1941ರಿಂದ ದೂರದ ಲಾಸ್ ಏಂಜಲಿಸ್ ನಗರ ತಿರುಗಿಸಿಕೊಂಡು, ನೀರು ಸುಮಾರು 45 ಅಡಿ ಇಳಿದು, ನೀರಿನೊಳಗೆ ಬೆಳೆದಿದ್ದ ಸುಣ್ಣಕಲ್ಲಿನ ಗೋಪುರಗಳು ದಡದಲ್ಲಿ ಬಯಲಾಗಿ ನಿಂತಿವೆ. ನೀರನ್ನು ಮತ್ತೆ ಏರಿಸಬೇಕೆಂಬ ಆಜ್ಞೆಯಾದದ್ದು 1994ರಲ್ಲಿ.

ಖರ್ಚಿನ ಮಾತನ್ನು ಮರೆಮಾಚಲಾರೆ. ಬಂಡಿ ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ ಪುಣ್ಯ. ವಿಮೆ, ನಿಲ್ಲಿಸುವ ಬಾಡಿಗೆ, ಸವೆಯದಿದ್ದರೂ ವಯಸ್ಸಾಯಿತೆಂದು ಬದಲಿಸಬೇಕಾದ ಟೈರುಗಳು, ಎಲ್ಲ ಕೂಡಿಸಿದರೆ ಹೋಟೆಲಿನಲ್ಲಿ ತಂಗುವುದೇ ಅಗ್ಗ. ಅಲ್ಲಿಯ ಸರಕಾರ 62 ದಾಟಿದ ನಿವಾಸಿಗಳಿಗೆ ಆಜೀವ ರಹದಾರಿಯೊಂದನ್ನು ಕೊಡುತ್ತದೆ. ಅದರ ಬೆಲೆ 2017ರಲ್ಲಿ 10ರಿಂದ 80 ಡಾಲರಿಗೆ ಏರಿತು. ಆದರೂ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ ಉಚಿತ, ಅನೇಕ ತಂಗುದಾಣಗಳಲ್ಲಿ ಅರ್ಧ ಬಾಡಿಗೆ. ಲೆಕ್ಕ ಸರಿದೂಗುವುದು ಅದರಿಂದಲೂ ಅಲ್ಲ. ಮಾವನವರು ಲೆಕ್ಕ ಬರೆಯುವುದನ್ನೇ ಬಿಟ್ಟಿದ್ದಾರೆ.

ಸಂಜೆ ಜೂನ್ ಲೇಕ್ ಎಂಬಲ್ಲಿ ತಂಗಿದೆವು. ಈಗ ಹಿಂದೆ ನಿಂತು ಸನ್ನೆ ಮಾಡುವ ಸರದಿ ಮಾವನವರದು. ಎಡಬಲಗಳ ಕೊಂಬೆ ಅವರಿಗೆ ಕಾಣದು. ಆದುದರಿಂದ ಒಂದು ಮಗ್ಗುಲಿಗೆ ನಡೆದು ಹೋಗಿ ಮುಟ್ಟಿ ನೋಡಿ, ಇನ್ನೊಂದು ಮಗ್ಗುಲಿಗೂ ನಡೆದು ಹೋಗಿ ಮುಟ್ಟಿ ನೋಡಿ, ಆಮೇಲೆ ನಡುವೆ ನಿಂತು ಕೈಯೆತ್ತುತ್ತಾರೆ. ನಾನು ಸಹಾಯಕ್ಕೆ ಹೋದಾಗ, "ನೀನು ಸುಮ್ಮನೆ ನಿಂತಿರೋ, ಅವರು ನೋಡಿಕೊಳ್ತಾರೆ" ಎಂದು ಒಳಗಿನಿಂದ ಅತ್ತೆಯವರು ಗದರಿದರು. ಕಾಲು ಗಂಟೆ ಹಿಡಿಯಿತು.

ರಾತ್ರಿ ಊಟವಾದ ಮೇಲೆ ಅತ್ತೆಯವರು ಆ ದಪ್ಪ ನೋಟುಪುಸ್ತಕವನ್ನು ತೆಗೆದರು. ಮೊದಲರ್ಧ ಆ ವೃದ್ಧೆಯ ಇಂಗ್ಲಿಷು. ಮುಂದಿನದೆಲ್ಲ ಇವರ ಕನ್ನಡ. ಬರೆದು ಮುಗಿಸಿ ನನ್ನ ಮುಂದೆ ಸರಿಸಿದರು. ತಾರೀಖಿನ ಕೆಳಗೆ ಮೂರು ಸಾಲು ಇದ್ದುವು: "ಬ್ರಿಡ್ಜ್‌ಪೋರ್ಟಿನಿಂದ ಇಲ್ಲಿಯ ತನಕ ನಾನೇ ಓಡಿಸಿದೆ. ಸಾರಿಗೆ ಉಪ್ಪು ಹೆಚ್ಚಾಯಿತು. ಅವರು ಏನೂ ಅನ್ನಲಿಲ್ಲ."