ಕೈಗುಣವೋ, ಕೈಯ ರೂಢಿಯೋ?

“ಅವಳ ಕೈಗುಣವೇ ಹಾಗೆ ಕಣ್ರೀ!” ಚೆಂದವಾಗಿ ಹೂ ಕಟ್ಟುವವರನ್ನು, ತೆಳ್ಳಗೆ ನೀರುದೋಸೆ ಹೊಯ್ಯುವವರನ್ನು ಕಂಡಾಗ ನಾವು ಹೀಗನ್ನುವುದುಂಟು. ಹಿಂದೆಯೇ “ನಂಗೆ ಅದೆಲ್ಲ ಬರೋದಿಲ್ಲಪ್ಪ” ಎಂದು ಕೈಬಿಡುವುದೂ ಉಂಟು, ಅಲ್ಲವೇ ಸೋದರಿಯರೇ? ಈ ರಜೆಯಲ್ಲಿ ನೀವು ಉಡುಪಿಗೆ ಹೊರಟಿದ್ದರೆ, ಕೃಷ್ಣನ ದರ್ಶನ ಮುಗಿಸಿ ಇನ್ನೆರಡು ದಿನ ಉಳಿಸಿಕೊಳ್ಳಿ. ಈ ಮಾತು ಎಷ್ಟು ನಿಜವೆಂದು ಕಣ್ಣಾರೆ ನೋಡಿ ಬರಬಹುದು.

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಇಂದ್ರಾಳಿ ಸಿಗುತ್ತದೆ. ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರ ಇರುವುದು ಇಲ್ಲೇ. ಶಿವರಾಮ ಕಾರಂತರು ದುಡಿದ ಜಾಗ. ಮಕ್ಕಳು ಇಲ್ಲೇ ಉಳಿದು ಹೆಜ್ಜೆ, ತಾಳ, ಮಾತು ಕಲಿಯುತ್ತಾರೆ. ರಂಗದಲ್ಲಿ ಗಿರ್ರನೆ ತಿರುಗುವ ವೇಷವನ್ನು ನೋಡಿ ನಾವು “ರಕ್ತದಲ್ಲೇ ಬಂದಿದೆ” ಎಂದುಬಿಡುತ್ತೇವೆ. ಆ ಒಂದು ಸುತ್ತಿನ ಹಿಂದೆ ತಪ್ಪಿದ ಹೆಜ್ಜೆಗಳೆಷ್ಟು, ಗುರುಗಳು ತಿದ್ದಿದ್ದು ಎಷ್ಟು ಸಲ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮರುದಿನ ಬೆಳಿಗ್ಗೆ ಬೇಗ ಎದ್ದು ಕಾಪು ಕಡೆಗೆ ಹೊರಡಿ. ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಶಂಕರಪುರ. ಉಡುಪಿ ಮಲ್ಲಿಗೆಯ ತವರು ಇದು. ಹಿತ್ತಿಲಲ್ಲಿ ಮೊಗ್ಗು ಕೊಯ್ದು ತಂದು, ಜಗಲಿಯಲ್ಲಿ ಕೂತು ಬಾಳೆಯ ನಾರಿನಲ್ಲಿ ಕಟ್ಟುವ ಹೆಂಗಸರನ್ನು ನೋಡಿ. ಸುಮಾರು 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗು! ಮೊಗ್ಗು ಅರಳುವ ಮುಂಚೆ ಕಟ್ಟಿ ಕಟ್ಟೆಗೆ ಮುಟ್ಟಿಸಬೇಕು. ಅಟ್ಟೆಯ ದರ ದಿನಕ್ಕೊಂದು. ಹಬ್ಬ, ಮದುವೆ ಬಂದರೆ ಏರುತ್ತದೆ. ಹೊತ್ತು ಮೀರಿದರೆ ಆ ದಿನದ ದುಡಿಮೆಯೇ ಹೋಯಿತು. ಮಕ್ಕಳ ಫೀಸು, ಮನೆಯ ಸಾಮಾನು ಎಲ್ಲವೂ ಈ ಬೆರಳುಗಳನ್ನೇ ನಂಬಿರುವ ಮನೆಗಳುಂಟು.

ಬೇರೆ ಊರಿಂದ ಬಂದ ಸೊಸೆಗೆ ಮೊದಲ ದಿನವೇ ಈ ಚುರುಕು ಬರುತ್ತದೆಯೇ? ನಾರು ತುಂಡಾಗುತ್ತದೆ, ಮೊಗ್ಗು ಜಾರುತ್ತದೆ. ಪಕ್ಕದಲ್ಲಿ ಕೂತ ಅತ್ತೆಯೋ ನಾದಿನಿಯೋ ಬಿಚ್ಚಿ ತೋರಿಸುತ್ತಾರೆ. ಎಲ್ಲರ ಬೆರಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಬ್ಬಳು ವಾರದಲ್ಲಿ ಕಲಿತರೆ ಇನ್ನೊಬ್ಬಳಿಗೆ ಎರಡು ತಿಂಗಳು ಬೇಕಾದೀತು. ಆದರೆ ವರ್ಷ ಕಳೆದ ಮೇಲೆ ಇಬ್ಬರ ಚೆಂಡನ್ನೂ ಎದುರಿಗಿಟ್ಟು ನೋಡಿ. ಬೇಗ ಕಲಿತವಳು ಯಾರು, ತಡವಾಗಿ ಕಲಿತವಳು ಯಾರು ಎಂದು ಹೇಳುವುದು ಕಷ್ಟ. ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಲ್ಲಿಂದ ಕಾಪು ಕಡಲತೀರಕ್ಕೆ ಹೋಗಿ, ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಮಕ್ಕಳಿಗೆ ತೋರಿಸಿ. ಆಮೇಲೆ ಪಡುಬಿದ್ರಿಯ ಮೇಲೆ ಕಾರ್ಕಳಕ್ಕೆ ಬನ್ನಿ. ಬೆಟ್ಟದ ಮೇಲೆ 42 ಅಡಿಯ ಗೊಮ್ಮಟ 1432ರಿಂದ ನಿಂತಿದ್ದಾನೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯೂ ಕಾರ್ಕಳದಲ್ಲೇ ಮೂಡಿ ಅಲ್ಲಿಗೆ ಹೋದವನು. ಅವನನ್ನು ಕೆತ್ತಿಸಿದ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಆ ಕೆಲಸ ಹಿಡಿದದ್ದು ಇಳಿವಯಸ್ಸಿನಲ್ಲಿ! ಅವರಲ್ಲಿ ಹುಟ್ಟುಪ್ರತಿಭೆ ಇರಲಿಲ್ಲ ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ಅಷ್ಟು ದೊಡ್ಡ ಕಲ್ಲನ್ನು ಪ್ರತಿಭೆಯೊಂದನ್ನೇ ನಂಬಿ ಯಾರು ಕೈಗೆ ಕೊಟ್ಟಾರು? ಅದರ ಹಿಂದೆ ಒಂದು ಜೀವಮಾನದ ಉಳಿಯ ಏಟುಗಳಿದ್ದವು. ಹತ್ತಿರದ ಮಿಯಾರಿನಲ್ಲಿ ಇಂದಿಗೂ ಹುಡುಗರಿಗೆ ಕಲ್ಲು, ಮರ, ಲೋಹದ ಕೆಲಸ ಕಲಿಸುವ ಸಂಸ್ಥೆಯಿದೆ. ಹುಟ್ಟುಗುಣವೇ ಸಾಕಾಗಿದ್ದರೆ ಶಾಲೆ ಯಾಕೆ ಬೇಕಿತ್ತು, ಹೇಳಿ?

ಒಂದು ಮಾತು ಮಾತ್ರ ನೆನಪಿರಲಿ. ತಪ್ಪನ್ನೇ ದಿನವೂ ಮಾಡುತ್ತಾ ಹೋದರೆ ರೂಢಿಯಾಗುವುದು ತಪ್ಪೇ. ಸಡಿಲವಾದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರಷ್ಟೇ ಕೈ ಕುದುರುವುದು. ಹೊಲಿಗೆಯಾಗಲಿ, ಸೈಕಲ್ಲಾಗಲಿ, ನಲವತ್ತು ದಾಟಿದ ಮೇಲೆ ಕಲಿಯಲು ಹೊರಟ ಸಂಗೀತವಾಗಲಿ, ದಿನಕ್ಕೆ ಅರ್ಧ ಗಂಟೆ ಕೊಡಿ, ತಿದ್ದುವವರೊಬ್ಬರನ್ನು ಹತ್ತಿರ ಇಟ್ಟುಕೊಳ್ಳಿ.

ಊರಿಗೆ ಮರಳುವಾಗ ಕಟ್ಟಿದ ಚೆಂಡಿನ ಜೊತೆ ಒಂದಿಷ್ಟು ಬಿಡಿ ಮೊಗ್ಗೂ ನಾರೂ ಸಿಕ್ಕಿದರೆ ತನ್ನಿ. ಮಗಳು ಕಟ್ಟಿದ್ದು ಸಡಿಲವಾಗಿ ಉದುರಿದರೆ “ನಿಂಗೆ ಕೈಗುಣ ಇಲ್ಲ ಬಿಡು” ಎನ್ನಬೇಡಿ. ಮೊಗ್ಗು ಆರಿಸಿ ಮತ್ತೆ ಅವಳ ಕೈಗೇ ಕೊಡಿ.