ಊರಾಚೆಯ ಬಯಲಿನಲ್ಲಿ ರಾತ್ರಿಯ ಜಾತ್ರೆ

ಮುಳಬಾಗಿಲು ಎಂದರೆ ದೋಸೆ, ಶ್ರೀನಿವಾಸಪುರ ಎಂದರೆ ಮಾವು, ಮಾಲೂರು ಎಂದರೆ ಹೆಂಚು ಮತ್ತು ಇಟ್ಟಿಗೆ. ಕೋಲಾರ ಸೀಮೆಯ ಊರುಗಳಿಗೆ ಹೀಗೆ ಒಂದೊಂದು ಗುರುತು. ಆದರೆ ಅಲ್ಲಿನ ಅರವತ್ತು ದಾಟಿದವರನ್ನು ಮಾತಿಗೆಳೆದರೆ ಇನ್ನೊಂದು ಗುರುತೂ ಹೊರಬರುತ್ತದೆ. ಅದೇ ಟೆಂಟ್, ಅಂದರೆ ಊರಾಚೆಯ ಬಯಲಿನಲ್ಲಿ ಗುಡಾರ ಹಾಕಿ ಚಿತ್ರ ತೋರಿಸುತ್ತಿದ್ದ ಟೂರಿಂಗ್ ಟಾಕೀಸು.

ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಡ್ರೈವ್-ಇನ್ ಚಿತ್ರಮಂದಿರವನ್ನು ಅಮೆರಿಕದ ರಿಚರ್ಡ್ ಹಾಲಿಂಗ್ಸ್‌ಹೆಡ್ 1933ರ ಜೂನ್‌ನಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್ ಬಳಿ ತೆರೆದ. 1950ರ ದಶಕದ ಕೊನೆಯ ಹೊತ್ತಿಗೆ ಆ ದೇಶದಲ್ಲಿ ಅಂಥವು ಸುಮಾರು 4,000 ಇದ್ದವು. ಮಕ್ಕಳಿಗೆ ಉಯ್ಯಾಲೆ, ಜಾರುಬಂಡೆ, ದೊಡ್ಡವರಿಗೆ ತಿಂಡಿ ಅಂಗಡಿ... ಜನರನ್ನು ಸೆಳೆದದ್ದು ಚಿತ್ರವೊಂದೇ ಅಲ್ಲ. ಭಾರತದಲ್ಲಿ 1973ರಲ್ಲಿ ಅಹಮದಾಬಾದಿಗೆ ಡ್ರೈವ್-ಇನ್ ಬಂತು.

ಕೋಲಾರದ ಹಳ್ಳಿಗಳಲ್ಲಿ ಆಗ ಕಾರೆಲ್ಲಿ? ಹುಲ್ಲು ಹಾಸಿದ ಎತ್ತಿನ ಗಾಡಿಯೇ ಕಾರು! ಮನೆಮಂದಿಯೆಲ್ಲ ಅದರಲ್ಲಿ ಬಂದಿಳಿದು, ಎತ್ತುಗಳನ್ನು ಬಿಚ್ಚಿ ಕಟ್ಟಿ ಒಳಗೆ ನಡೆಯುತ್ತಿದ್ದರು. ಮುಸ್ಸಂಜೆಗೆ ಧ್ವನಿವರ್ಧಕದಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿಬಂದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಅರ್ಥ. ಗಡಿಯಾರವಿಲ್ಲದ ಮನೆಗಳಲ್ಲಿ ಅಡುಗೆ ಚುರುಕಾಗುತ್ತಿತ್ತು. ಮುಂದೆ ಮರಳಿನ ನೆಲ, ಅದಕ್ಕೆ 'ಗಾಂಧಿ ಕ್ಲಾಸ್' ಎಂಬ ಹೆಸರು. ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಮಕ್ಕಳು ಮರಳನ್ನೇ ಗುಡ್ಡೆ ಮಾಡಿ ಅದರ ಮೇಲೆ ಏರಿ ಕೂರುತ್ತಿದ್ದರು, ಹಿಂದಿನವರು ಗದರುತ್ತಿದ್ದರು.

ಟೆಂಟಿನ ಹೆಚ್ಚಿನ ಆಕರ್ಷಣೆಗಳು ಹುಟ್ಟಿದ್ದು ಅದರ ಬಡತನದಿಂದಲೇ. ಬಹುತೇಕ ಟೆಂಟುಗಳಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ಸುರುಳಿ ಮುಗಿದಾಗಲೆಲ್ಲ ಚಿತ್ರ ನಿಲ್ಲಲೇಬೇಕು. ಹೀಗಾಗಿ ಒಂದರ ಬದಲು ಮೂರು ನಾಲ್ಕು ವಿರಾಮ! ದೀಪ ಹತ್ತಿದೊಡನೆ ಕಡಲೆಕಾಯಿ, ಬೋಂಡಾ, ಗೋಲಿ ಸೋಡಾ ಮಾರುವವರು ನುಗ್ಗುತ್ತಿದ್ದರು. ಚಿತ್ರದ ಹಾಡಿನ ಪುಸ್ತಕ ಕೆಲವೇ ಪೈಸೆಗೆ ಸಿಗುತ್ತಿತ್ತು. ಪಕ್ಕದ ಹಳ್ಳಿಯ ನೆಂಟರು ಸಿಕ್ಕರೆ ಮಳೆ, ಬೆಳೆ, ಮದುವೆಯ ಮಾತು.

ತುಂಡಾದ ಫಿಲ್ಮ್ ಹುಡುಗರ ಪಾಲಿಗೆ ನಿಧಿ. ಕೆಟ್ಟ ಬಲ್ಬಿನ ಒಳಭಾಗ ತೆಗೆದು ನೀರು ತುಂಬಿದರೆ ಅದೇ ಮಸೂರ. ಕನ್ನಡಿಯಿಂದ ಬಿಸಿಲು ಹಾಯಿಸಿದರೆ ಕತ್ತಲೆ ಕೋಣೆಯ ಬಿಳಿ ಪಂಚೆಯ ಮೇಲೆ ನಾಯಕ ಪ್ರತ್ಯಕ್ಷ! ಫಿಲ್ಮನ್ನು ತಲೆಕೆಳಗಾಗಿ ಹಿಡಿದರೆ ಮಾತ್ರ ಚಿತ್ರ ನೆಟ್ಟಗೆ ಕಾಣುತ್ತದೆಂದು ಅವರು ಭೌತಶಾಸ್ತ್ರದ ಪಾಠಕ್ಕೆ ಮೊದಲೇ ಅರಿತಿದ್ದರು.

ಗಡಿಸೀಮೆಯಾದ್ದರಿಂದ ಇಲ್ಲಿನವರಿಗೆ ಕನ್ನಡ, ತೆಲುಗು ಎರಡೂ ಮನೆಯ ಮಾತು. ರಾಜ್‌ಕುಮಾರ್ ಎಷ್ಟು ನಮ್ಮವರೋ ಎನ್.ಟಿ. ರಾಮರಾವ್ ಕೂಡ ಅಷ್ಟೇ ನಮ್ಮವರು. ಎರಡೂ ಭಾಷೆಗಳಲ್ಲಿ ಮೆರೆದು, ರಾಷ್ಟ್ರಪ್ರಶಸ್ತಿ ಪಡೆದ 'ದ್ವೀಪ'ವನ್ನು ನಿರ್ಮಿಸಿದ ಸೌಂದರ್ಯ ಮುಳಬಾಗಿಲು ತಾಲ್ಲೂಕಿನ ಕುಟುಂಬದವರು ಎಂಬುದು ಆಕಸ್ಮಿಕವೇನಲ್ಲ.

ಕಾಯಂ ಚಿತ್ರಮಂದಿರಗಳು ಬಂದವು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು. 1987ರಲ್ಲಿ 'ರಾಮಾಯಣ' ಧಾರಾವಾಹಿ ಶುರುವಾದಾಗ ಜನ ಟಿ.ವಿ. ಇದ್ದ ಮನೆಗಳ ಮುಂದೆ ಸೇರಿದರು. ಬಯಲುಗಳಿಗೂ ಬೆಲೆ ಬಂದು ಅಲ್ಲಿ ಮನೆಗಳೆದ್ದವು. ಟೆಂಟುಗಳು ಒಂದೊಂದಾಗಿ ಮಡಚಿಕೊಂಡವು.

ದೇವಸ್ಥಾನಕ್ಕೆ ಶಾಸನವುಂಟು, ಕೋಟೆಗೆ ಕಲ್ಲುಂಟು. ಪರವಾನಗಿ ಮುಗಿದೊಡನೆ ಗಂಟುಕಟ್ಟಿ ಹೊರಡುತ್ತಿದ್ದ ಟೆಂಟಿಗೆ ಕುರುಹೇ ಇಲ್ಲ. ಅದು ಉಳಿದಿರುವುದು ಅಜ್ಜ ಅಜ್ಜಿಯರ ನೆನಪಿನಲ್ಲಿ ಮಾತ್ರ. ರಜೆಯಲ್ಲಿ ಮಕ್ಕಳು ನೋಟ್‌ಪುಸ್ತಕ ಹಿಡಿದು ಅವರ ಬಳಿ ಕೂರಲಿ. ಟೆಂಟು ಯಾವ ಬಯಲಿನಲ್ಲಿತ್ತು, ನೆಲದ ಟಿಕೆಟ್‌ಗೆ ಎಷ್ಟು, ಮೊದಲು ನೋಡಿದ ಚಿತ್ರ ಯಾವುದು ಎಂದು ಕೇಳಿ ಬರೆದುಕೊಳ್ಳಲಿ. ತಂದೆ ತಾಯಿ ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಮೊಬೈಲ್ ನೋಡುವ ಈ ದಿನಗಳಲ್ಲಿ, ಊರಿಗೆ ಊರೇ ಒಂದು ಪರದೆಯ ಮುಂದೆ ಕುಳಿತಿದ್ದ ಕಥೆ ಬರವಣಿಗೆಯಲ್ಲಾದರೂ ಉಳಿಯಬೇಕು.